ಜಮಖಾನದ ಮೇಲೊಂದು ಜಾಗ

"ಈ ಸಲ ನಾನೂ ಜಮಖಾನದ ಮೇಲೆ ಕೂತ್ಕೋತೀನಿ ಅತ್ತೆ."

ಮಾತು ಬಾಯಿಂದ ಬಿದ್ದ ಮೇಲೆ, ಇದನ್ನು ಹೇಳಿದ್ದು ತಾನೇ ಹೌದೋ ಅಲ್ಲವೋ ಎಂದು ಕಿರಿಸೊಸೆಗೇ ಅನುಮಾನ ಬಂತು. ನಡುಮನೆಯಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ನೆಲದ ಮೇಲೆ ನೀಲಿ ಪಟ್ಟೆಯ ದೊಡ್ಡ ಜಮಖಾನ ಹಾಸಿತ್ತು. ಅದರ ಮೇಲೆ ಒಂಬತ್ತು ದಿಂಬುಗಳು ಮೂರು ಸಾಲಾಗಿ ಕೂತಿದ್ದವು. ದಿಂಬುಗಳ ನಡುವೆ ಅಡಿಕೋಲು ಹಿಡಿದು ಅತ್ತೆ ನಿಂತಿದ್ದರು.

ಊರಿನ ದೊಡ್ಡ ಪಾರ್ಕಿನಲ್ಲಿ ವರ್ಷಕ್ಕೊಮ್ಮೆ ಮೂರು ದಿನ ಹಾಡು, ಕುಣಿತ, ನಾಟಕಗಳ ಉತ್ಸವ ನಡೆಯುತ್ತಿತ್ತು. ಅದರ ಹಿಂದಿನ ಸಂಜೆ ಹೀಗೆ ಜಮಖಾನ ಹಾಸಿ, ಮನೆಮಂದಿಗೊಂದೊಂದು ದಿಂಬು ಇಟ್ಟು, ಯಾರು ಎಲ್ಲಿ ಕೂರಬೇಕೆಂದು ಅತ್ತೆ ತೀರ್ಮಾನ ಮಾಡುವುದು ಆ ಮನೆಯ ಪದ್ಧತಿ. ಮೂವತ್ತೆರಡು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಆ ಕುರ್ಚಿಯಿಂದ ಎದ್ದಿರಲಿಲ್ಲ. ಮೊದಲ ಸಾಲು ಬಿಟ್ಟು ಬೇರೆಲ್ಲೂ ಕೂತು ಅವರು ಕಾರ್ಯಕ್ರಮ ನೋಡಿದವರಲ್ಲ. "ಎರಡನೇ ಸಾಲಲ್ಲಿ ಕೂತ್ರೆ ಮುಂದಿನವರ ಬೋಳುತಲೆ ನೋಡ್ಬೇಕಷ್ಟೆ" ಎನ್ನುತ್ತಿದ್ದರು.

ಒಂಬತ್ತು ದಿಂಬು ಎಂದರೆ ಅತ್ತೆ, ಮಾವ, ಭಾವ, ಓರಗಿತ್ತಿ, ಅವರ ಇಬ್ಬರು ಗಂಡುಮಕ್ಕಳು, ನಾದಿನಿ, ನಾದಿನಿಯ ಗಂಡ ಮತ್ತು ಕಿರಿಸೊಸೆಯ ಗಂಡ. ಕಿರಿಸೊಸೆಯ ಮಗಳು ಚೋಟಿಗೆ ಅಜ್ಜನ ತೊಡೆಯಿತ್ತು, ಹಾಡುವ ವರ್ಷವಾದರೆ ವೇದಿಕೆಯ ಹಿಂದಿನ ಜಾಗವಿತ್ತು. ಹತ್ತನೆಯ ದಿಂಬು ಎಂದೂ ಇರಲಿಲ್ಲ. ಮಧ್ಯಾಹ್ನವೇ ಹೋಗಿ ಜಮಖಾನ ಹಾಸಿ ಜಾಗ ಹಿಡಿಯುವುದು ಕಿರಿಸೊಸೆಯ ಕೆಲಸ. ಸಂಜೆ ಎಲ್ಲರೂ ಬಂದಮೇಲೆ ಎದ್ದು ಹಿಂದೆ ಹೋಗಿ, ಮರದ ಬುಡದಲ್ಲಿ ಚಪ್ಪಲಿ, ಚೀಲ, ನೀರಿನ ಕ್ಯಾನು ಕಾಯುವುದೂ ಅವಳ ಕೆಲಸವೇ. ಹದಿನಾಲ್ಕು ವರ್ಷದಿಂದ ಅವಳು ಹೀಗೆ ಮೊದಲ ಸಾಲು ಹಿಡಿದುಕೊಟ್ಟು ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು.

"ನೀನು ಕೂತ್ಕೊಂಡ್ರೆ ಯಾರನ್ನ ಎಬ್ಬಿಸ್ಲಿ, ನೀನೇ ಹೇಳು" ಎಂದರು ಅತ್ತೆ. ಗದರಿಸಲಿಲ್ಲ. ಲೆಕ್ಕ ತಪ್ಪಿದ ಹುಡುಗಿಯನ್ನು ಬೋರ್ಡಿನ ಹತ್ತಿರ ಕರೆದಂತಿತ್ತು ಆ ದನಿ.

"ಯಾರನ್ನೂ ಬೇಡ. ಸ್ವಲ್ಪ ಒತ್ತಿ ಕೂತ್ರೆ ಆಗತ್ತೆ. ನಾಳೆ ಚೋಟಿ ಹಾಡ್ತಾಳೆ..."

"ಹಾಡೋದು ಅವಳು. ನಿನಗ್ಯಾಕೆ ಮೊದಲ ಸಾಲು? ಮೈಕಿದೆ, ಮರದ ಹತ್ರಾನೂ ಕೇಳಿಸತ್ತೆ."

"ನನಗಂತೂ ಮಂಡಿ" ಎಂದು ಓರಗಿತ್ತಿ ಯಾರೂ ಕೇಳದಿದ್ದರೂ ತನ್ನ ದಿಂಬನ್ನು ಹತ್ತಿರಕ್ಕೆ ಎಳೆದುಕೊಂಡಳು. ಕಿರಿಸೊಸೆ ಗಂಡನ ಕಡೆ ನೋಡಿದಳು. ಅವನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದವನು. ಹೆಂಡತಿಯ ಮುಖ ಓದುವ ಕೆಲಸವನ್ನು ಯಾರೂ ಅವನಿಗೆ ಒಪ್ಪಿಸಿರಲಿಲ್ಲ. "ಅಮ್ಮ ಹೇಳೋದೂ ಸರಿ, ಚೀಲ ಬಿಟ್ಟು ಬರೋಕಾಗತ್ತಾ" ಎಂದು ಗೊಣಗಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ.

ಆಗ ಮಾವ ಎದ್ದರು. ಮಾತು ಕಮ್ಮಿಯ ಮನುಷ್ಯ. ಬಗ್ಗಿ ತಮ್ಮ ದಿಂಬನ್ನು ಎತ್ತಿಕೊಂಡು ಕಂಕುಳಲ್ಲಿಟ್ಟುಕೊಂಡರು. "ನನ್ನ ಜಾಗ ಅವಳಿಗೆ. ಚಪ್ಪಲಿ ನಾನು ಕಾಯ್ತೀನಿ" ಎಂದರು.

ಅತ್ತೆಯ ಮುಖ ಕೆಂಪೇರಿತು. "ನೋಡ್ದೋರು ಏನಂತಾರೆ? ಹೆಡ್‌ಮಿಸ್ಟ್ರೆಸ್ ಗಂಡ ಚಪ್ಪಲಿ ಕಾಯ್ತಾನೆ ಅಂತಾರೆ. ಇಡ್ರೀ ದಿಂಬು ಕೆಳಗೆ." ಆಮೇಲೆ ಸೊಸೆಯ ಕಡೆ ತಿರುಗಿ, "ಕೂತ್ಕೋ ಮಹಾರಾಯ್ತಿ. ಒಂದು ದಿನ ಮುಂದೆ ಕೂತ್ಕೊಂಡು ಎಷ್ಟು ಎತ್ತರ ಬೆಳೀತೀಯೋ ನಾವೂ ನೋಡ್ತೀವಿ" ಎಂದರು. ಆ ಮಾತು ಚುಚ್ಚಿತು, ಆದರೂ ಒಪ್ಪಿಗೆಯಂತೂ ಸಿಕ್ಕಿತು. ಕಿರಿಸೊಸೆ ಹತ್ತನೆಯ ದಿಂಬು ತರಲು ಹೋಗಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು.

ಮನೆಮಂದಿಗೆಲ್ಲ ಪಾರ್ಕೆಂದರೆ ಪ್ರಾಣ. ಹದಿನೈದು ದಿನಕ್ಕೊಂದು ಭಾನುವಾರ ತಪ್ಪದೆ ಹೋಗುತ್ತಿದ್ದರು. ಮಕ್ಕಳು ಚೆಂಡಾಡುತ್ತಿದ್ದರು, ಭಾವ ಟೋಪಿ ಮುಖಕ್ಕಿಟ್ಟು ಮಲಗುತ್ತಿದ್ದರು, ಅತ್ತೆ ಹೂವಿನ ಗಿಡಗಳ ಹೆಸರನ್ನು ಹೋಗಿಬರುವವರಿಗೂ ಕೇಳಿಸುವಂತೆ ಓದುತ್ತಿದ್ದರು. ಕಿರಿಸೊಸೆಗೆ ಮಾತ್ರ ವಿಹಾರವೆಂದರೆ ಮನೆಯ ಅಡುಗೆಮನೆಯನ್ನೇ ಹೊತ್ತುಕೊಂಡು ಹೋಗಿ ಮರದ ಕೆಳಗೆ ಇಳಿಸಿ, ಸಂಜೆ ಮತ್ತೆ ಹೊತ್ತು ತರುವುದು. ಬೇಯಿಸಿದ ಮೊಟ್ಟೆ, ಬ್ರೆಡ್ಡು, ಹಣ್ಣು, ಎರಡು ಫ್ಲಾಸ್ಕ್ ಚಹಾ, ಮಾವನ ಮಾತ್ರೆ, ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ. ಕೆಲಸಕ್ಕೆ ಹೋಗುವ ದಿನವೇ ಎಷ್ಟೋ ವಾಸಿ ಎಂದು ಅವಳಿಗೆ ಎಷ್ಟೋ ಸಲ ಅನಿಸಿದ್ದುಂಟು. ಅವಳದ್ದು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಯಂತ್ರದ ಕೆಲಸ. ಬೆಳಗಿನ ಐದಕ್ಕೆ ಶುರುವಾದರೆ ಒಂದಾದ ಮೇಲೊಂದು ಒದ್ದೆ ಹೊದಿಕೆ, ಬಿಸಿ ಹಬೆ, ನಿಂತೇ ಇರುವ ಕಾಲು.

ಚೋಟಿ ಅವಳ ಒಬ್ಬಳೇ ಮಗಳು. ಹುಟ್ಟುವಾಗ ಚೋಟುದ್ದ ಇದ್ದಳೆಂದು ಮಾವ ಇಟ್ಟ ಹೆಸರು, ಹನ್ನೊಂದು ತುಂಬಿದರೂ ಅದೇ ನಿಂತಿತ್ತು. ಹಿಂದಿನ ಎರಡು ವರ್ಷವೂ ಅವಳು ಶಾಲೆಯ ಮಕ್ಕಳ ಜೊತೆ ಗುಂಪಿನಲ್ಲಿ ಹಾಡಿದ್ದಳು. ಒಂದು ವರ್ಷ ಆ ಹೊತ್ತಿಗೆ ತಾಯಿ ಭಾವನ ಚಿಕ್ಕ ಮಗನನ್ನು ಕರೆದುಕೊಂಡು ಶೌಚಾಲಯದ ಸಾಲಿನಲ್ಲಿ ನಿಂತಿದ್ದಳು. ಇನ್ನೊಂದು ವರ್ಷ ನಾದಿನಿಯ ಗಂಡನ ಅಂಗಿಯ ಮೇಲೆ ಚೆಲ್ಲಿದ ಚಹಾವನ್ನು ನಲ್ಲಿಯ ಹತ್ತಿರ ತೊಳೆಯುತ್ತಿದ್ದಳು. ಈ ವರ್ಷ ಹಾಗಲ್ಲ. ಸಂಗೀತದ ಮೇಷ್ಟ್ರು ಮುನ್ನೂರು ಮಕ್ಕಳಲ್ಲಿ ಚೋಟಿಯೊಬ್ಬಳನ್ನೇ ಆರಿಸಿ ಪೂರ್ತಿ ಒಂದು ಹಾಡು ಕೊಟ್ಟಿದ್ದರು. ಸುದ್ದಿ ಕೇಳಿ ಅತ್ತೆ "ನಮ್ಮ ಮನೆತನದ ಗಂಟಲು ಅದು" ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಚೋಟಿಯಂತೂ ಆ ಹಾಡನ್ನು ಮನೆಯಲ್ಲಿ ಗುನುಗಲೂ ಇಲ್ಲ. "ಸ್ಟೇಜ್ ಮೇಲೇ ಕೇಳ್ಬೇಕು ನೀನು. ಈಗ ಕೇಳಿಬಿಟ್ರೆ ಮಜಾ ಇರಲ್ಲ" ಎನ್ನುತ್ತಿದ್ದಳು. ತಾಯಿ ಆ ಮೂರು ನಿಮಿಷಕ್ಕಾಗಿ ಎರಡು ತಿಂಗಳಿಂದ ಕಾದಿದ್ದಳು. ಬೇರೇನೂ ಅವಳು ಆ ಮನೆಯಲ್ಲಿ ಬಾಯಿಬಿಟ್ಟು ಕೇಳಿದವಳಲ್ಲ.

ಮಾರನೆಯ ದಿನ ಬೆಳಗಿನ ಜಾವ ಮೂರೂವರೆಗೆ ಎದ್ದು ಹನ್ನೊಂದು ಮಂದಿಯ ತಿಂಡಿ ಡಬ್ಬಿಗೆ ತುಂಬಿದಳು. ಮಗಳ ಬಿಳಿಯ ಉಡುಪಿಗೆ ಇಸ್ತ್ರಿ ಹಾಕಿ ಮೊಳೆಗೆ ತೂಗುಹಾಕಿದಳು. ಕೆಲಸಕ್ಕೆ ಹೋದರೆ ಯಂತ್ರದ ಆ ಬದಿಗೆ ನಿಲ್ಲಬೇಕಾದವಳು ಬಂದಿರಲಿಲ್ಲ. ಒಂದು ಬದಿಯಿಂದ ಹೊದಿಕೆ ಕೊಟ್ಟು, ಓಡಿಹೋಗಿ ಆ ಬದಿಯಿಂದ ತಾನೇ ಎಳೆದುಕೊಳ್ಳಬೇಕಾಯಿತು. ಏಳು ಗಂಟೆ ಹೊತ್ತು ಹೀಗೆ ಓಡಿದಳು. ಅಂಗೈಯಲ್ಲಿ ಹಳೆಯ ಬೊಬ್ಬೆಯ ಮೇಲೆ ಹೊಸ ಬೊಬ್ಬೆ ಎದ್ದಿತು. ಹನ್ನೆರಡಕ್ಕೆ ಹೊರಬಿದ್ದು, ಮನೆಗೆ ಬಂದು, ಎರಡು ತುತ್ತು ನಿಂತಲ್ಲೇ ತಿಂದು, ಜಮಖಾನವನ್ನು ಹೆಗಲಿಗೇರಿಸಿಕೊಂಡು ಪಾರ್ಕಿಗೆ ಹೊರಟಳು.

ಒಂದು ಗಂಟೆಗೆಲ್ಲ ವೇದಿಕೆಯ ಮುಂದೆ ಅದಾಗಲೇ ಏಳೆಂಟು ಮಂದಿ ಚಾಪೆ ಹಾಸುತ್ತಿದ್ದರು. ಹಗ್ಗದ ಪಕ್ಕ, ನಟ್ಟನಡುವೆ, ಮೊದಲ ಸಾಲಿನಲ್ಲೇ ಜಾಗ ಸಿಕ್ಕಿತು. ಜಮಖಾನ ಬಿಚ್ಚಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ನಡುವೆ ಕೂತಳು. ವೇದಿಕೆ ಎಷ್ಟು ಹತ್ತಿರವಿತ್ತೆಂದರೆ, ಮೈಕು ಕಟ್ಟುತ್ತಿದ್ದವನ ಅಂಗಿಯ ಗುಂಡಿ ಕಿತ್ತುಹೋಗಿದ್ದೂ ಕಾಣುತ್ತಿತ್ತು. ಇಲ್ಲಿಂದ ಚೋಟಿಯ ಮುಖ ಪೂರ್ತಿ ಕಾಣುತ್ತದೆ ಎಂದುಕೊಂಡಳು. ಚಳಿಗಾಲದ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಕಾರ್ಯಕ್ರಮಕ್ಕೆ ಇನ್ನೂ ನಾಲ್ಕು ಗಂಟೆಯಿತ್ತು. ಕಾಲು ಚಾಚಿದಳು. ಸೊಂಟ ನೋಯುತ್ತಿದೆಯೆಂದು ಒಂದು ಮಗ್ಗುಲಿಗೆ ವಾಲಿ ತೋಳಿನ ಮೇಲೆ ತಲೆಯಿಟ್ಟಳು. ಜಾಗ ಹಿಡಿಯುವವಳು ನಿದ್ದೆ ಮಾಡಬಾರದು, ಅದು ಅವಳಿಗೆ ಗೊತ್ತು. ಐದೇ ನಿಮಿಷ...

"ಅಮ್ಮ."

ಮೆಲ್ಲನೆಯ ಕರೆ. ಅವಳು ಕಣ್ಣು ಬಿಟ್ಟಳು. ಪಕ್ಕದಲ್ಲಿ ಬಿಳಿಯ ಉಡುಪಿನಲ್ಲಿ ಚೋಟಿ ಮಂಡಿಯೂರಿ ಕೂತಿದ್ದಳು. ತುಟಿಯ ಬಣ್ಣ ಅರ್ಧ ಅಳಿಸಿತ್ತು. ಮರಗಳಿಗೆ ಸುತ್ತಿದ್ದ ದೀಪಗಳು ಉರಿಯುತ್ತಿದ್ದವು.

ಧಡಕ್ಕನೆ ಎದ್ದು ಕೂತಳು. "ಯಾಕೆ ಇಲ್ಲಿಗೆ ಬಂದೆ? ಹಿಂದೆ ಇರ್ಬೇಕಲ್ವಾ ನೀನು? ಯಾವಾಗ ನಿನ್ನ ಹಾಡು?"

"ಮುಗೀತಮ್ಮ. ಎಲ್ಲಾ ಮುಗೀತು. ಮನೆಗೆ ಹೋಗೋಣ."

ಅವಳಿಗೆ ಅರ್ಥವಾಗಲಿಲ್ಲ. ಸುತ್ತ ನೋಡಿದಳು. ಜನ ಚಾಪೆ ಕೊಡವುತ್ತ ಹೊರಟಿದ್ದರು. ವೇದಿಕೆಯ ಮೇಲೆ ಇಬ್ಬರು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ಒಂಬತ್ತು ಮಂದಿಯ ಜಮಖಾನದ ಮೇಲೆ ಅವಳೊಬ್ಬಳೇ ಉದ್ದಕ್ಕೂ ಅಡ್ಡಕ್ಕೂ ಚಾಚಿ ಮಲಗಿದ್ದಳು. ಮೈಮೇಲೆ ಅತ್ತೆಯ ಕಂದು ಶಾಲು ಹೊದಿಸಿತ್ತು. ಹಿಂದೆ, ಎರಡನೆಯ ಸಾಲಿನಲ್ಲಿ, ಬರೀ ಹುಲ್ಲಿನ ಮೇಲೆ ಅತ್ತೆ ಕಾಲು ಮಡಚಿ ಕೂತಿದ್ದರು. ಚಳಿಗೆ ಮೂಗು ಕೆಂಪಾಗಿತ್ತು. ಉಳಿದವರು ದೂರ ಮರದ ಬುಡದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

"ಅತ್ತೆ... ನನ್ನನ್ನ ಯಾರೂ ಎಬ್ಬಿಸ್ಲಿಲ್ವಾ?"

ಉತ್ತರ ಕೊಟ್ಟದ್ದು ಪಕ್ಕದ ಚಾಪೆಯ ಹೆಂಗಸು. "ಎಬ್ಬಿಸೋಕೆ ನಿಮ್ಮ ಅತ್ತೆ ಬಿಟ್ರೆ ತಾನೆ. ನಿಮ್ಮ ಮೈದುನನೋ ಭಾವನೋ ಒಬ್ಬರು ಬಂದು ಭುಜಕ್ಕೆ ಕೈ ಹಾಕಿದ್ರು. ಕೈಮೇಲೆ ಪಟ್ಟಂತ ಒಂದು ಕೊಟ್ರು ನೋಡಿ. ಎಲ್ಲರನ್ನೂ ಹಿಂದಕ್ಕೆ ಅಟ್ಟಿದ್ರು. ಡೋಲಿನವರು ಬಡಿಯೋವಾಗ ನಿಮ್ಮ ಕಿವಿ ಮೇಲೆ ಶಾಲು ಎಳೆದ್ರು." ಹೇಳಿ, ಒಳ್ಳೆಯ ಸುದ್ದಿ ಕೊಟ್ಟವಳಂತೆ ನಕ್ಕು ಚಾಪೆ ಸುತ್ತಿಕೊಂಡು ಹೋದಳು.

ಕಿರಿಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಬೇರೆಲ್ಲೋ ನೋಡಿದರು.

"ಬೈಬೇಕು ಅಂತಲೇ ಬಗ್ಗಿದೆ" ಎಂದರು ಕೊನೆಗೆ. "ಜಾಗ ಹಿಡಿ ಅಂದ್ರೆ ಹಾಸಿಗೆ ಮಾಡ್ಕೊಂಡಿದಾಳೆ ಅಂತ ಸಿಟ್ಟೇ ಬಂದಿತ್ತು. ನೀನು ಮಗ್ಗುಲು ಬದಲಾಯಿಸ್ದೆ. ಅಂಗೈ ಕಾಣಿಸ್ತು. ಆಮೇಲೆ ಮುಖ ನೋಡ್ದೆ. ಹದಿನಾಲ್ಕು ವರ್ಷದಲ್ಲಿ ನೀನು ಮಲಗಿರೋದು ನಾನು ನೋಡೇ ಇಲ್ಲ ಕಣೇ. ನಾನು ಏಳೋ ಹೊತ್ತಿಗೆ ಎದ್ದಿರ್ತೀಯ. ನಾನು ಮಲಗಿದ ಮೇಲೆ ಮಲಗ್ತೀಯ. ನೀನು ಮಲಗಿದ್ರೆ ಹೇಗೆ ಕಾಣ್ತೀಯ ಅಂತಲೇ ನನಗೆ ಗೊತ್ತಿರ್ಲಿಲ್ಲ..."

"ಚೋಟಿ ಹಾಡೋ ಹೊತ್ತಿಗಾದ್ರೂ..."

"ಆಗಲೂ ಕೈ ಚಾಚಿದೆ. ಎಬ್ಬಿಸ್ಲಾ ಬೇಡ್ವಾ ಅಂತ ಯೋಚಿಸ್ತಾ ಇರೋವಾಗ್ಲೇ ಮುಗಿದುಹೋಯ್ತು. ಹಾಡು ಎಷ್ಟು ಹೊತ್ತು ಅಂತೀಯ, ಮೂರೇ ನಿಮಿಷ. ಹಾಡು ಇನ್ನೊಂದು ಸಲ ಹಾಡಿಸ್ಬಹುದು, ಈ ನಿದ್ದೆ ಎಲ್ಲಿಂದ ತರೋಣ ಅನ್ನಿಸ್ತು." ಅತ್ತೆ ಹುಲ್ಲಿನ ಎಸಳೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಂಡರು. "ತಪ್ಪು ಮಾಡಿಬಿಟ್ನೇನೋ."

ಆ ಪದ ಅತ್ತೆಯ ಬಾಯಿಂದ ಬಂದದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ. ಕಿರುಚಬೇಕೆನಿಸಿತು. ನಿಮ್ಮ ಕರುಣೆ ಉಕ್ಕಿ ಬರೋಕೆ ಇವತ್ತೇ ಆಗಬೇಕಿತ್ತಾ, ಈ ಮೂರು ನಿಮಿಷವೇ ಬೇಕಿತ್ತಾ ಎಂದು ಕೇಳಬೇಕೆನಿಸಿತು. ಹದಿನಾಲ್ಕು ವರ್ಷ ಇದೇ ಹೆಂಗಸಿನ ಕೈಯಿಂದ ಒಂದು ಶಾಲು ಹೊದಿಸಿಕೊಳ್ಳಲು ಅವಳು ಎಷ್ಟು ಹಂಬಲಿಸಿದ್ದಳು! ಮದುವೆಯಾದ ಹೊಸದರಲ್ಲಿ ಜ್ವರದಲ್ಲೇ ಒಲೆಯ ಮುಂದೆ ನಿಂತಾಗ, ಚೋಟಿ ಹೊಟ್ಟೆಯಲ್ಲಿದ್ದಾಗ, ತನ್ನ ತಾಯಿ ತೀರಿಹೋದ ವಾರ... ಆಗೆಲ್ಲ ಬಾರದ ಶಾಲು ಇವತ್ತು ಬಂದಿತ್ತು. ಅದನ್ನು ಹೊದೆಯಲೂ ಆಗಲಿಲ್ಲ, ತೆಗೆದೆಸೆಯಲೂ ಆಗಲಿಲ್ಲ. ಕಿರುಚುವುದಕ್ಕೂ ಶಕ್ತಿ ಬೇಕು. ಆರು ಗಂಟೆ ನಿದ್ದೆ ಮಾಡಿದ್ದರೂ ಅಷ್ಟು ಶಕ್ತಿ ಅವಳ ಮೈಗೆ ಬಂದಿರಲಿಲ್ಲ.

"ಇರ್ಲಿ ಬಿಡಿ ಅತ್ತೆ" ಎಂದಳು. ಶಾಲನ್ನು ಮಡಚಿ ಅತ್ತೆಯ ಹೆಗಲಿಗೆ ಹಾಕಿದಳು. ಅತ್ತೆಗೆ ಒಂದೇ ಸಲಕ್ಕೆ ಏಳಲಾಗಲಿಲ್ಲ. ಸಂಜೆಯಿಂದ ಮಡಚಿದ್ದ ಕಾಲು ಜೋಮು ಹಿಡಿದಿತ್ತು. ಕೈಕೊಟ್ಟು ಎಬ್ಬಿಸಿದಳು. ಎದ್ದ ಮೇಲೂ ಅತ್ತೆ ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಬೊಬ್ಬೆಯ ಮೇಲೆ ಒತ್ತದಂತೆ ಬೆರಳುಗಳನ್ನಷ್ಟೇ ಹಿಡಿದಿದ್ದರು.

ಗೇಟಿನ ಹತ್ತಿರ ಸಂಗೀತದ ಮೇಷ್ಟ್ರು ಸಿಕ್ಕಿದರು. ಮುಖ ಸಪ್ಪಗಿತ್ತು. ಚೋಟಿಯ ತಲೆ ಸವರಿ, "ಏನಮ್ಮ, ಅಭ್ಯಾಸದಲ್ಲಿ ಕಿಟಕಿ ಗಾಜು ಅದುರೋ ಹಾಗೆ ಹಾಡ್ತಿದ್ದೆಯಲ್ಲ, ಇವತ್ತು ಏನಾಯ್ತು? ಮೂರನೇ ಸಾಲಿಗೂ ಕೇಳಿಸ್ಲಿಲ್ಲ" ಎಂದರು. ತಾಯಿಯ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಿ. ಪಕ್ಕದ ಊರಿನ ಉತ್ಸವಕ್ಕೆ ಬೇರೆ ಹುಡುಗಿಯನ್ನ ಕಳಿಸೋಣ ಅಂತ ಶಾಲೆಯವರು ಹೇಳಿದಾರೆ. ಇವಳಿಗೆ ಮುಂದಿನ ವರ್ಷ ನೋಡೋಣ" ಎಂದರು.

"ಮೈಕು ಸರಿ ಇರ್ಲಿಲ್ಲ ಬಿಡಿ ಮೇಷ್ಟ್ರೇ" ಎಂದು ಅತ್ತೆ ನಡುವೆ ಬಾಯಿ ಹಾಕಿದರು. "ನಮ್ಮ ಮನೆತನದ ಗಂಟಲು ಕೈಕೊಡೋದಲ್ಲ." ಓರಗಿತ್ತಿ, ಪಾಪ ಮಗು ಹೆದರಿಬಿಟ್ಟಿತು ಎಂದಳು. ಕಿರಿಸೊಸೆಯ ಗಂಡ ಅವಳ ಹೆಗಲಿನಿಂದ ಜಮಖಾನವನ್ನು ಮೊದಲ ಬಾರಿಗೆ ತಾನೇ ಇಳಿಸಿಕೊಂಡು ಮುಂದೆ ಮುಂದೆ ನಡೆದ.

ಎಲ್ಲರೂ ಗುಂಪಾಗಿ ಹೋಗುತ್ತಿದ್ದರು. ತಾಯಿ ಮಗಳು ಹಿಂದೆ ಬಿದ್ದರು. ಮುಚ್ಚುತ್ತಿದ್ದ ಅಂಗಡಿಗಳ ಮುಂದೆ ನೀರು ಚೆಲ್ಲಿ ಗುಡಿಸುತ್ತಿದ್ದರು. ಚೋಟಿ ಚಪ್ಪಲಿ ಎಳೆದುಕೊಂಡು ನಡೆಯುತ್ತಿದ್ದಳು.

"ಹೆದರಿದ್ಯಾ ಮಗಳೇ?"

"ಇಲ್ಲ."

"ಮೈಕು ಕೆಟ್ಟಿತ್ತಾ?"

"ಇಲ್ಲ, ಸರಿಯಾಗೇ ಇತ್ತು." ಚೋಟಿ ಕಾಲಿಗೆ ಸಿಕ್ಕ ಕಲ್ಲೊಂದನ್ನು ಒದ್ದಳು. "ಬಯ್ಯಲ್ಲ ತಾನೆ? ನಾನು ಸ್ಟೇಜಿಗೆ ಬಂದು ನೋಡ್ದೆ. ನೀನು ಮಲಗಿದ್ದೆ. ಅದಕ್ಕೆ ಬೇಕಂತಲೇ ಮೆಲ್ಲಗೆ ಹಾಡ್ದೆ."

ತಾಯಿ ನಿಂತುಬಿಟ್ಟಳು. "ಅಷ್ಟೊಂದು ಡೋಲು ಬಡಿದಾಗ್ಲೂ ಎದ್ದಿಲ್ಲ ನಾನು. ನಿನ್ನ ಹಾಡಿಗೆ ಎದ್ದುಬಿಡ್ತಿದ್ನಾ ಚೋಟಿ?"

"ಡೋಲಿಗೆ ನೀನು ಏಳಲ್ಲ ಅಮ್ಮ" ಎಂದಳು ಹುಡುಗಿ, ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ. "ನನ್ನ ದನಿ ಕೇಳಿದ್ರೆ ಎದ್ದುಬಿಡ್ತೀಯಲ್ಲ. ರಾತ್ರಿ ನೀರು ಬೇಕು ಅಂತ ಪಿಸುಗುಟ್ಟಿದ್ರೂ ಎದ್ದು ಕೂತ್ಕೋತೀಯ. ಅದಕ್ಕೇ..."

ಎರಡು ತಿಂಗಳು ಕಾದ ಹಾಡನ್ನು ಎಲ್ಲರೂ ಸೇರಿ ತನಗೆ ಕೇಳಿಸದಂತೆ ಕಾಪಾಡಿದ್ದರು. ಒಬ್ಬರು ಶಾಲು ಹೊದಿಸಿ, ಒಬ್ಬಳು ದನಿ ಅಡಗಿಸಿ. ಯಾರ ಮೇಲೆ ಸಿಟ್ಟಾಗುವುದು? ಮಂಡಿಯೂರಿ ಮಗಳನ್ನು ಎದೆಗೊತ್ತಿಕೊಂಡಳು. ಅಳು ಬಂತು. ಮುಂದೆ ಹೋಗುತ್ತಿದ್ದವರಿಗೆ ಕೇಳಿಸಬಾರದೆಂದು ಮಗಳ ಹೆಗಲಿಗೆ ಬಾಯಿ ಒತ್ತಿ ಅತ್ತಳು.

"ಮನೆಗೆ ಹೋಗಿ ನನಗೊಬ್ಬಳಿಗೇ ಹಾಡ್ತೀಯಾ?" ಎಂದು ಕೇಳಿದಳು ಆಮೇಲೆ.

"ನಾಳೆ ಹಾಡ್ಲಾ ಅಮ್ಮ? ಇವತ್ತು ಸುಸ್ತಾಗಿದೆ."

ಸುಸ್ತು ಎಂದರೆ ಏನೆಂದು ತಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒತ್ತಾಯ ಮಾಡಲಿಲ್ಲ. ಮಗಳ ಚಪ್ಪಲಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬೆನ್ನು ತಿರುಗಿಸಿ ಬಗ್ಗಿದಳು. ಚೋಟಿ ಬೆನ್ನೇರಿದಳು. ಹನ್ನೊಂದು ವರ್ಷದ ಹುಡುಗಿ, ಭಾರವೇ ಇದ್ದಳು. ತಿರುವಿನಲ್ಲಿ ಅತ್ತೆ ಇವರಿಗಾಗಿ ನಿಂತು ಕಾಯುತ್ತಿದ್ದರು. ಅಲ್ಲಿಗೆ ತಲುಪುವ ಹೊತ್ತಿಗೆ ಮಗಳು ಬೆನ್ನ ಮೇಲೆ ನಿದ್ದೆ ಹೋಗಿದ್ದಳು. ಅತ್ತೆ ಏನೋ ಹೇಳಲು ಬಾಯಿ ತೆರೆದರು. ಕಿರಿಸೊಸೆ ತಲೆಯಾಡಿಸಿ ಬೇಡವೆಂದಳು. ಉಳಿದ ದಾರಿಯನ್ನು ಅತ್ತೆ ಸೊಸೆ ಇಬ್ಬರೂ ಸದ್ದಿಲ್ಲದೆ ನಡೆದರು.